ಎಎಸ್3933 ವೇಕ್‌ಅಪ್ ರಿಸೀವರ್ ವಿಮರ್ಶೆ: 1.7 ಮೈಕ್ರೋಆಂಪ್ ಸಿಗುವುದು ಯಾವಾಗ?

ಬ್ಯಾಟರಿಯ ಮೇಲೆ ಬದುಕುವ ವೈರ್‌ಲೆಸ್ ಸಾಧನ ದಿನಕ್ಕೆ ನಾಲ್ಕು ಸಲ ಮಾತಾಡಿದರೆ ಹೆಚ್ಚು. ಉಳಿದ ಹೊತ್ತೆಲ್ಲ ಯಾರಾದರೂ ಕರೆಯುತ್ತಾರೇನೋ ಎಂದು ಕಿವಿಗೊಟ್ಟು ಕೂತಿರುತ್ತದೆ. ಬ್ಯಾಟರಿ ಕರಗುವುದು ಆ ಹೊತ್ತಿನಲ್ಲೇ. ಒಳ್ಳೆಯ ಬ್ಲೂಟೂತ್ ಚಿಪ್ಪಿನ ರಿಸೀವರ್ ಕೂಡ ಆನ್ ಇದ್ದಷ್ಟು ಹೊತ್ತು 5 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. 220 ಮಿಲಿಆಂಪ್-ಗಂಟೆಯ ಸಿಆರ್2032 ಬಟನ್ ಸೆಲ್ಲಿಗೆ ಇದನ್ನು ಕಟ್ಟಿದರೆ 44 ಗಂಟೆಗೆ ಮುಗಿಯಿತು, ಪೂರ್ತಿ ಎರಡು ದಿನವೂ ಬರುವುದಿಲ್ಲ. ಅದಕ್ಕೇ ಎಲ್ಲರೂ ರೇಡಿಯೊವನ್ನು ಮಲಗಿಸಿ, ಸೆಕೆಂಡಿಗೊಮ್ಮೆಯೋ ಹತ್ತು ಸೆಕೆಂಡಿಗೊಮ್ಮೆಯೋ ಎಬ್ಬಿಸಿ ನೋಡುತ್ತಾರೆ. ಹಾಗೆ ಮಾಡಿದರೆ ಬ್ಯಾಟರಿ ಉಳಿಯುತ್ತದೆ, ಆದರೆ ಕರೆದವರು ಅಷ್ಟು ಹೊತ್ತು ಕಾಯಬೇಕು.

ಈ ಕಾಯುವಿಕೆಯನ್ನು ತಪ್ಪಿಸಲೆಂದೇ ಇರುವ ಚಿಪ್ಪು ವೇಕ್‌ಅಪ್ ರಿಸೀವರ್. ಅಂಗಡಿಯಲ್ಲಿ ಬಿಡಿಯಾಗಿ ಕೊಂಡು ಬೋರ್ಡಿಗೆ ಹಾಕಬಹುದಾದವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಎಂಎಸ್ ಓಸ್ರಾಮ್ ಕಂಪನಿಯ ಎಎಸ್3933. ಕೇಳುವುದು ಬಿಟ್ಟರೆ ಇದಕ್ಕೆ ಬೇರೆ ಕೆಲಸವಿಲ್ಲ. 15ರಿಂದ 150 ಕಿಲೋಹರ್ಟ್ಸ್ ನಡುವಿನ ಸಿಗ್ನಲ್ಲಿಗೆ ಮೂರು ಚಾನಲ್‌ಗಳಲ್ಲಿ ಕಿವಿ ತೆರೆದಿರುತ್ತದೆ. ಬಂದ 16 ಅಥವಾ 32 ಬಿಟ್ ಪ್ಯಾಟರ್ನ್ ತನ್ನ ರಿಜಿಸ್ಟರಿನಲ್ಲಿ (ಸೆಟ್ಟಿಂಗ್ ಬರೆದಿಡುವ ಜಾಗ) ಇರುವುದಕ್ಕೆ ಹೊಂದಿದರೆ ಮಾತ್ರ ವೇಕ್ ಪಿನ್ನನ್ನು ಮೇಲೆತ್ತಿ ಸಾಧನದ ಮಿದುಳಾದ ಮೈಕ್ರೋಕಂಟ್ರೋಲರನ್ನು ಎಬ್ಬಿಸುತ್ತದೆ. ಬಟನ್ ಒತ್ತದೆ ಬಾಗಿಲು ತೆರೆಯುವ ಕಾರಿನ ಕೀ, ಜೇಬಿನಲ್ಲೇ ಇಟ್ಟುಕೊಂಡು ಒಳಗೆ ಹೋಗುವ ಗೇಟ್ ಕಾರ್ಡು, ಗೋದಾಮಿನ ಆಕ್ಟಿವ್ ಟ್ಯಾಗು: ಇದರ ಊರು ಇವೇ.

ಒಂದೇ ಮಾತಿನಲ್ಲಿ ತೀರ್ಪು ಬೇಕೆಂದರೆ: ಎರಡು-ಮೂರು ಮೀಟರ್ ಒಳಗೆ, ತಕ್ಷಣ ಎಚ್ಚರಾಗಬೇಕಾದ ಸಾಧನಕ್ಕೆ ಧೈರ್ಯವಾಗಿ ಕೊಳ್ಳಿ. ಅದಕ್ಕಿಂತ ದೂರ ಬೇಕಿದ್ದರೆ ಕೊನೆಯವರೆಗೂ ಓದಿ.

ಮೊದಲು ಆ 1.7 ಮೈಕ್ರೋಆಂಪ್ ಎಂಬ ಸಂಖ್ಯೆಯ ವಿಚಾರ. ಚಿಪ್ಪಿನ ಹೆಸರಿನ ಜೊತೆ ಓಡಾಡುವುದು ಇದೇ, ಸುಳ್ಳೂ ಅಲ್ಲ. ಆದರೆ ಅದು ಆನ್-ಆಫ್ ಮೋಡಿನ ಲೆಕ್ಕ: ಮೂರೂ ಚಾನಲ್ 1 ಮಿಲಿಸೆಕೆಂಡ್ ಎಚ್ಚರ, ಮುಂದಿನ 8 ಮಿಲಿಸೆಕೆಂಡ್ ನಿದ್ದೆ, ಅಂದರೆ ನೂರಕ್ಕೆ ಹನ್ನೊಂದು ಪಾಲು ಹೊತ್ತು ಮಾತ್ರ ಕೇಳುವುದು. ಮೂರೂ ಚಾನಲ್ ಸದಾ ತೆರೆದಿರುವ ಸ್ಟ್ಯಾಂಡರ್ಡ್ ಮೋಡಿನಲ್ಲಿ, ಗಡಿಯಾರವಾಗಿ ಒಳಗಿನ ಆರ್‌ಸಿ ಆಸಿಲೇಟರ್ ಬಳಸಿದಾಗ, ಸಾಮಾನ್ಯ ಖರ್ಚು 5.7 ಮೈಕ್ರೋಆಂಪ್. 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಹಾಕಿದರೆ 6.5. ಒಂದೇ ಚಾನಲ್ ಸಾಕೆಂದರೆ 2.7. ಸಿಗ್ನಲ್ ಬಂದು ಪ್ಯಾಟರ್ನ್ ತಾಳೆ ನೋಡುವಾಗ 8.3. ಬ್ಯಾಟರಿ ಭಾಷೆಗೆ ಇಳಿಸಿದರೆ, ಅದೇ ಸಿಆರ್2032 ಮೇಲೆ 5.7 ಎಂದರೆ ಸುಮಾರು ನಾಲ್ಕೂವರೆ ವರ್ಷ, 2.7 ಎಂದರೆ ಒಂಬತ್ತು ವರ್ಷದ ಮೇಲೆ, 1.7 ಎಂದರೆ ಕಾಗದದ ಮೇಲೆ ಹದಿನಾಲ್ಕೂವರೆ ವರ್ಷ ದಾಟುತ್ತದೆ. ಅಷ್ಟು ವರ್ಷ ಸೆಲ್ಲೇ ತಾನಾಗಿ ಸೊರಗದೆ ಉಳಿಯುವುದಿಲ್ಲವಾದ್ದರಿಂದ ಕೊನೆಯ ಸಂಖ್ಯೆಯನ್ನು ಗ್ರಾಹಕರಿಗೆ ಹೇಳಲು ಹೋಗಬೇಡಿ.

ಆನ್-ಆಫ್ ಮತ್ತು ಸ್ಟ್ಯಾಂಡರ್ಡ್ ಮೋಡುಗಳ ನಡುವೆ ಸ್ಕ್ಯಾನಿಂಗ್ ಮೋಡ್ ಇದೆ, ನಮ್ಮ ಒಲವು ಅದರ ಕಡೆಗೆ. ಮೂರು ಚಾನಲ್‌ಗಳು ಸರದಿಯ ಮೇಲೆ ಒಂದೊಂದು ಮಿಲಿಸೆಕೆಂಡ್ ಕೇಳುತ್ತವೆ. ಯಾವ ಗಳಿಗೆಯಲ್ಲೂ ಎಚ್ಚರವಿರುವುದು ಒಂದೇ ಆದ್ದರಿಂದ ಖರ್ಚು 2.7 ಮೈಕ್ರೋಆಂಪಿನಲ್ಲೇ ನಿಲ್ಲುತ್ತದೆ, ಮೂರು ದಿಕ್ಕಿನ ಕಿವಿಯೂ ಉಳಿಯುತ್ತದೆ. ಇದಕ್ಕೆ ತೆರುವ ಬೆಲೆ ಕಳುಹಿಸುವ ಕಡೆ ಬೀಳುತ್ತದೆ. ಎಬ್ಬಿಸುವ ಸಂದೇಶದ ಮೊದಲಿಗೆ ಬರುವ ಶುದ್ಧ ಕ್ಯಾರಿಯರ್ (ಮಾಹಿತಿ ಹೇರದ ಬರಿಯ ಅಲೆ) ತುಂಡು ಸ್ಟ್ಯಾಂಡರ್ಡ್ ಮೋಡಿನಲ್ಲಿ ಕನಿಷ್ಠ 16 ಗಡಿಯಾರ ಸುತ್ತು (ಚಿಪ್ಪಿನ 32.768 ಕಿಲೋಹರ್ಟ್ಸ್ ಗಡಿಯಾರದ್ದು) ಮತ್ತು 16 ಕ್ಯಾರಿಯರ್ ಸುತ್ತು ಇರಬೇಕು. 125 ಕಿಲೋಹರ್ಟ್ಸಿಗೆ ಇದು ಸುಮಾರು 0.62 ಮಿಲಿಸೆಕೆಂಡ್. ಸ್ಕ್ಯಾನಿಂಗಿನಲ್ಲಿ 16ರ ಜಾಗಕ್ಕೆ 80 ಗಡಿಯಾರ ಸುತ್ತು ಬರುತ್ತದೆ, ಅಂದರೆ 2.6 ಮಿಲಿಸೆಕೆಂಡ್. ಆನ್-ಆಫ್ ಮೋಡಿನಲ್ಲಿ ನಿದ್ದೆಯ ಅವಧಿ ಹೆಚ್ಚಿದಷ್ಟೂ ಈ ತುಂಡೂ ಉದ್ದವಾಗುತ್ತದೆ. ಕಳುಹಿಸುವವನು ಗೋಡೆಯ ಪ್ಲಗ್ಗಿನಲ್ಲಿದ್ದರೆ ಚಿಂತೆಯಿಲ್ಲ. ಅವನೂ ಬ್ಯಾಟರಿಯವನೇ ಆಗಿದ್ದರೆ ಇಲ್ಲಿ ಉಳಿಸಿದ್ದನ್ನು ಅಲ್ಲಿ ಸುರಿದಂತೆ. ‘ಚಿಪ್ಪು ಕೆಲಸ ಮಾಡುತ್ತಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ಹುಟ್ಟುವುದೂ ಇಲ್ಲೇ: ಮೊದಲ ಪ್ರಯೋಗ ಸ್ಟ್ಯಾಂಡರ್ಡ್ ಮೋಡಿನಲ್ಲಿ ಸರಿಯಾಗಿ ನಡೆದಿರುತ್ತದೆ, ಆಮೇಲೆ ಕರೆಂಟ್ ಇಳಿಸಲು ಮೋಡ್ ಬದಲಿಸುತ್ತಾರೆ, ಕಳುಹಿಸುವ ಕಡೆ ಕ್ಯಾರಿಯರ್ ಉದ್ದ ಮಾಡುವುದನ್ನು ಮರೆಯುತ್ತಾರೆ. ಆಗ ಮೂರು ಸಲ ಕರೆದರೆ ಒಂದು ಸಲ ಏಳುತ್ತದೆ.

ಇನ್ನು ಕಾಯಿಲ್, ಅಂದರೆ ಚಿಪ್ಪಿಗೆ ಆಂಟೆನಾ ಆಗುವ ತಂತಿ ಸುರುಳಿ. ಈ ಚಿಪ್ಪಿನ ಸಾಮರ್ಥ್ಯದ ಮುಕ್ಕಾಲು ಪಾಲು ಹೊರಗಿನ ಕಾಯಿಲಿನಲ್ಲಿದೆ ಎಂದರೆ ಹೆಚ್ಚಾಯಿತೆನಿಸದು. ಒಂದೇ ಪುಟ್ಟ ಚೌಕದಲ್ಲಿ ಮೂರು ದಿಕ್ಕಿಗೂ ಸುತ್ತಿದ 3ಡಿ ಕಾಯಿಲ್‌ಗಳು ಸಿಗುತ್ತವೆ, 7.2 ಮಿಲಿಹೆನ್ರಿ ಸಾಮಾನ್ಯ ಅಳತೆ. 125 ಕಿಲೋಹರ್ಟ್ಸಿಗೆ ಅದನ್ನು ಶ್ರುತಿ ಮಾಡಲು ಒಟ್ಟು 225 ಪಿಕೋಫ್ಯಾರಡ್ ಬೇಕು. ಚಿಪ್ಪಿನೊಳಗೇ ಪ್ರತಿ ಚಾನಲ್ಲಿಗೆ 1 ಪಿಕೋಫ್ಯಾರಡ್ ಮೆಟ್ಟಿಲಿನಲ್ಲಿ 31ರವರೆಗೆ ಕೆಪಾಸಿಟರ್ ಬ್ಯಾಂಕ್ ಇದೆ, ಬೋರ್ಡಿನ ಗೆರೆಗಳೂ ಕೆಲವು ಪಿಕೋಫ್ಯಾರಡ್ ಸೇರಿಸುತ್ತವೆ. ಆದ್ದರಿಂದ ಹೊರಗೆ 200 ಆಸುಪಾಸು ಹಾಕಿ, ಉಳಿದದ್ದನ್ನು ರಿಜಿಸ್ಟರಿನಲ್ಲಿ ಹೊಂದಿಸಿ. ಕೈಗೆ ಸಿಕ್ಕ ಕೆಪಾಸಿಟರ್ ಹಾಕುವಂತಿಲ್ಲ. ಕಾಯಿಲಿನ ಕ್ಯೂ (ಶ್ರುತಿ ಎಷ್ಟು ಚೂಪು ಎಂಬ ಅಳತೆ) 40 ಎಂದಿಟ್ಟುಕೊಳ್ಳಿ, ಅದು ಕೇಳುವ ಕಿಟಕಿಯ ಒಟ್ಟು ಅಗಲ 3.1 ಕಿಲೋಹರ್ಟ್ಸ್. ಕೆಪಾಸಿಟರ್ 5 ಪರ್ಸೆಂಟ್ ಆಚೀಚೆಯಾದರೆ ಶ್ರುತಿ 2.5 ಪರ್ಸೆಂಟ್, ಅಂದರೆ ಸುಮಾರು 3 ಕಿಲೋಹರ್ಟ್ಸ್ ಜಾರುತ್ತದೆ. ಅಲ್ಲಿಗೆ ಸಿಗ್ನಲ್ ಕಿಟಕಿಯ ಆಚೆ. ಎನ್‌ಪಿ0 ಜಾತಿಯ, 2 ಪರ್ಸೆಂಟ್ ಅಥವಾ ಅದಕ್ಕಿಂತ ಬಿಗಿಯಾದ ಕೆಪಾಸಿಟರನ್ನೇ ತರಿಸಿ. ಎಕ್ಸ್7ಆರ್ ಇಲ್ಲಿ ಬೇಡವೇ ಬೇಡ, ಬಿಸಿಲಿಗೂ ಚಳಿಗೂ ಆ ಜಾತಿಯ ಕೆಪಾಸಿಟರಿನ ಪಿಕೋಫ್ಯಾರಡ್ ಬದಲಾಗುತ್ತದೆ.

ಶ್ರುತಿ ಸರಿಯಾಗಿದೆಯೇ ಎಂದು ನೋಡಲು ಚಿಪ್ಪೇ ಒಂದು ಸೊಗಸಾದ ಅನುಕೂಲ ಕೊಟ್ಟಿದೆ. ಕಾಯಿಲನ್ನೇ ಆಸಿಲೇಟರ್ ಮಾಡಿ, ಅದರ ಸಹಜ ಫ್ರೀಕ್ವೆನ್ಸಿಯನ್ನು ಡಾಟ್ ಪಿನ್ನಿನಲ್ಲಿ ಹೊರಗೆ ತೋರಿಸಬಲ್ಲದು. ಮೈಕ್ರೋಕಂಟ್ರೋಲರಿನ ಟೈಮರಿನಿಂದ ಎಣಿಸಿ, ಒಂದೊಂದೇ ಪಿಕೋಫ್ಯಾರಡ್ ಸೇರಿಸುತ್ತಾ 125ಕ್ಕೆ ಹತ್ತಿರ ತಂದು, ಆ ಸಂಖ್ಯೆಯನ್ನು ಫ್ಲಾಶಿನಲ್ಲಿ ಬರೆದಿಡಿ. ಸಾಧನವನ್ನು ಅದರ ಡಬ್ಬಿಯೊಳಗೆ ಕೂರಿಸಿ, ಬ್ಯಾಟರಿ ಹಾಕಿದ ಮೇಲೇ ಇದನ್ನು ಮಾಡಬೇಕು. ಬಟನ್ ಸೆಲ್ಲಿನ ಉಕ್ಕಿನ ಕವಚ ಕಾಯಿಲಿನ ಪಕ್ಕಕ್ಕೆ ಬಂದರೆ ಶ್ರುತಿಯೂ ಕೆಡುತ್ತದೆ, ಕ್ಯೂ ಕೂಡ ಬೀಳುತ್ತದೆ. ಸೆಲ್ಲನ್ನು ಬೋರ್ಡಿನ ಒಂದು ತುದಿಗೂ ಕಾಯಿಲನ್ನು ಇನ್ನೊಂದು ತುದಿಗೂ ಇಡುವುದು, ಕಾಯಿಲಿನ ಕೆಳಗೆ ತಾಮ್ರದ ಹಾಸು ಬಿಡದಿರುವುದು ಇದಕ್ಕೆ ಮದ್ದು.

ದೂರದ ಬಗ್ಗೆ ಆಸೆ ಮಿತಿಯಲ್ಲಿರಲಿ. ಇದು ಕಾಂತಕ್ಷೇತ್ರದ ಕೆಲಸ, ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. 1 ಮೀಟರ್ ಇರುವುದನ್ನು 2 ಮೀಟರ್ ಮಾಡಲು ಕಳುಹಿಸುವ ಕಾಯಿಲಿಗೆ ಎಂಟು ಪಟ್ಟು ಕರೆಂಟ್ ಬೇಕು, 3 ಮೀಟರಿಗೆ ಇಪ್ಪತ್ತೇಳು ಪಟ್ಟು. ಚಿಪ್ಪಿನ ಸೂಕ್ಷ್ಮತೆ 80 ಮೈಕ್ರೋವೋಲ್ಟ್, ಈ ವರ್ಗಕ್ಕೆ ತುಂಬ ಒಳ್ಳೆಯದು. ಅಷ್ಟಾದರೂ ಈ ಘನದ ನಿಯಮವನ್ನು ಯಾವ ಚಿಪ್ಪೂ ಮೀರಲಾರದು.

ಫರ್ಮ್‌ವೇರ್ ಬರೆಯುವವರು ಎಡವುವ ಜಾಗಗಳು ಕೆಲವಿವೆ. ಇದರ ಚಿಪ್ ಸೆಲೆಕ್ಟ್ ಪಿನ್ ಎಸ್‌ಪಿಐ ಎಂಬ ತಂತಿ ಸಂಪರ್ಕದಲ್ಲಿ ಮಾತಾಡುವ ಉಳಿದ ಚಿಪ್ಪುಗಳಂತಲ್ಲ, ಮೇಲೆತ್ತಿದಾಗ ಆನ್. ಲೈಬ್ರರಿಯ ಡಿಫಾಲ್ಟ್ ನಂಬಿದರೆ ಒಂದು ಅಕ್ಷರವೂ ಓದಲಾಗದು. ಮೈಕ್ರೋಕಂಟ್ರೋಲರ್ ನಿದ್ದೆಯಲ್ಲಿದ್ದಾಗ ಆ ಪಿನ್ ತೇಲದಂತೆ ನೆಲಕ್ಕೆ ಒಂದು ಪುಲ್‌ಡೌನ್ ರೆಸಿಸ್ಟರ್ ಕಟ್ಟಿ. ಡೇಟಾ ಗಡಿಯಾರದ ಇಳಿಯಂಚಿನಲ್ಲಿ ಹಿಡಿಯಲ್ಪಡುತ್ತದೆ, ಆದ್ದರಿಂದ ಎಸ್‌ಪಿಐ ಮೋಡ್ 1. ಮೊದಲ ರಿಜಿಸ್ಟರಿನಲ್ಲಿ ಚಾನಲ್ ಬಿಟ್‌ಗಳ ಸಾಲು ಒಂದು-ಎರಡು-ಮೂರು ಎಂದು ಇಲ್ಲ. ಎರಡು, ಮೂರು, ಒಂದು ಎಂದಿದೆ. ಒಂದೇ ಕಾಯಿಲ್ ಇಟ್ಟು ತಪ್ಪು ಚಾನಲ್ ಆನ್ ಮಾಡಿ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇದರಿಂದಲೇ. 95 ಕಿಲೋಹರ್ಟ್ಸಿಗಿಂತ ಕೆಳಗಿನ ಕ್ಯಾರಿಯರ್ ಬಳಸುವವರು ರಿಜಿಸ್ಟರ್ 8ರಲ್ಲಿ ಬ್ಯಾಂಡ್ ಬದಲಿಸಲೇಬೇಕು, ಡಿಫಾಲ್ಟ್ ಇರುವುದು 95ರಿಂದ 150.

ಎಲ್ಲಕ್ಕಿಂತ ದುಬಾರಿಯಾದ ಮರೆವು ಇನ್ನೊಂದು. ವೇಕ್ ಪಿನ್ ಒಮ್ಮೆ ಮೇಲೆದ್ದರೆ ಕ್ಲಿಯರ್ ವೇಕ್ ಆದೇಶ ಬರುವವರೆಗೆ ಹಾಗೇ ನಿಲ್ಲುತ್ತದೆ. 50ರಿಂದ 350 ಮಿಲಿಸೆಕೆಂಡಿನ ಟೈಮ್‌ಔಟ್ ಇದೆ, ಆದರೆ ಡಿಫಾಲ್ಟಿನಲ್ಲಿ ಅದು ಆಫ್. ಆದೇಶ ಕೊಡದೆ ಮೈಕ್ರೋಕಂಟ್ರೋಲರ್ ಮಲಗಿದರೆ ಎಎಸ್3933 ಡೇಟಾ ಹಿಡಿಯುವ ಸ್ಥಿತಿಯಲ್ಲೇ 8.3 ಮೈಕ್ರೋಆಂಪ್ ಕುಡಿಯುತ್ತಾ ಕೂತಿರುತ್ತದೆ, ಮುಂದಿನ ಕರೆಗೆ ಏಳುವುದೂ ಇಲ್ಲ. ಟೈಮ್‌ಔಟ್ 100 ಮಿಲಿಸೆಕೆಂಡಿಗೆ ಇಟ್ಟು, ಆದೇಶವನ್ನೂ ಕೊಡಿ. ಎರಡೂ ಇರಲಿ.

ಕ್ರಿಸ್ಟಲ್ ಹಾಕಬೇಕೇ, ಆರ್‌ಸಿ ಸಾಕೇ? ಪ್ಯಾಟರ್ನ್ ಬಳಸುವವರಿಗೆ ಈ ಪ್ರಶ್ನೆ ಮುಖ್ಯ, ಯಾಕೆಂದರೆ ಬಿಟ್ಟಿನ ಉದ್ದವನ್ನು ಚಿಪ್ಪು ಇದೇ ಗಡಿಯಾರದಿಂದ ಅಳೆಯುತ್ತದೆ. ಪವರ್ ಕೊಟ್ಟ ತಕ್ಷಣದ ಆರ್‌ಸಿ ಆಸಿಲೇಟರನ್ನು ಹಾಗೇ ನಂಬುವಂತಿಲ್ಲ. ಕ್ಯಾಲಿಬ್ರೇಶನ್ ಆದೇಶ ಕಳುಹಿಸಿ, ಮೈಕ್ರೋಕಂಟ್ರೋಲರಿನಿಂದ ನಿಖರವಾದ 65 ಗಡಿಯಾರ ಪಲ್ಸ್ ಕೊಟ್ಟರೆ ತಾನೇ ತಿದ್ದಿಕೊಳ್ಳುತ್ತದೆ. ಒಳಾಂಗಣದ ಟ್ಯಾಗಿಗೆ ಇದು ಸಾಕು. ಬಿಸಿಲು-ಚಳಿಗೆ ಬೀಳುವ ಸಾಧನವಾದರೆ ದಿನಕ್ಕೆ ಒಂದೆರಡು ಸಲ ಮತ್ತೆ ತಿದ್ದಿ, ಇಲ್ಲವೇ 0.8 ಮೈಕ್ರೋಆಂಪ್ ಹೆಚ್ಚು ತೆತ್ತು ಕ್ರಿಸ್ಟಲ್ ಹಾಕಿ. ಗಡಿಯಾರ ಯಾವುದೇ ಇರಲಿ, ಪ್ಯಾಟರ್ನಿಗೆ ಮುನ್ನ ಒಂದು-ಸೊನ್ನೆ-ಒಂದು-ಸೊನ್ನೆ ಸಾಲಿನ ಪ್ರಿಯಾಂಬಲ್ ಕನಿಷ್ಠ 3.5 ಮಿಲಿಸೆಕೆಂಡ್ ಇರಬೇಕು. ಡಿಫಾಲ್ಟ್ ಪ್ಯಾಟರ್ನ್ ಹೆಕ್ಸ್ 9669. ಪ್ರಯೋಗಕ್ಕೆ ಸರಿ, ಮಾರಾಟದ ಸಾಧನದಲ್ಲಿ ಬದಲಿಸಿ, ಇಲ್ಲದಿದ್ದರೆ ಪಕ್ಕದವರ ಟ್ಯಾಗೂ ನಿಮ್ಮದರ ಜೊತೆ ಎದ್ದು ಕೂರುತ್ತದೆ.

ಪ್ಯಾಟರ್ನ್ ಯಾಕೆ ಬೇಕೇ ಬೇಕು ಎನ್ನಲು ಒಂದು ಲೆಕ್ಕ. ಒಂದು ಸಲ ಎದ್ದಾಗ ಮೈಕ್ರೋಕಂಟ್ರೋಲರ್ ಮತ್ತು ರೇಡಿಯೊ ಸೇರಿ 10 ಮಿಲಿಆಂಪನ್ನು 5 ಮಿಲಿಸೆಕೆಂಡ್ ಎಳೆಯುತ್ತವೆ ಎನ್ನಿ. ಸೆಕೆಂಡಿಗೊಂದು ಸುಳ್ಳು ಎಚ್ಚರವಾದರೆ ಸರಾಸರಿ 50 ಮೈಕ್ರೋಆಂಪ್ ಹೋಯಿತು, ಸ್ಕ್ಯಾನಿಂಗ್ ಮೋಡಿನ ಇಡೀ ಖರ್ಚಿನ ಹದಿನೆಂಟು ಪಟ್ಟು. ಸೆಕೆಂಡಿಗೊಂದು ಎಂಬುದು ಉತ್ಪ್ರೇಕ್ಷೆಯಲ್ಲ. ಎಲ್‌ಇಡಿ ಬಲ್ಬಿನ ಡ್ರೈವರ್, ಮೊಬೈಲ್ ಚಾರ್ಜರ್, ಯುಪಿಎಸ್, ಅಡುಗೆಮನೆಯ ಇಂಡಕ್ಷನ್ ಒಲೆ, ಎಲ್ಲವೂ ಸ್ವಿಚ್ ಆಗುವುದು ಇದೇ ಹತ್ತಾರು ಕಿಲೋಹರ್ಟ್ಸ್ ಪ್ರದೇಶದಲ್ಲಿ. ಬರೀ ಫ್ರೀಕ್ವೆನ್ಸಿ ಕಂಡು ಏಳುವಂತೆ ಇಟ್ಟರೆ ಚಾರ್ಜರಿನ ಪಕ್ಕದ ಮೇಜಿನ ಮೇಲೆ ಬಿಟ್ಟ ಟ್ಯಾಗು ಆರು ತಿಂಗಳೊಳಗೆ ಸಾಯುತ್ತದೆ. ಪ್ಯಾಟರ್ನ್ ಆನ್ ಇದ್ದರೆ ಗದ್ದಲವನ್ನು ಚಿಪ್ಪೇ ತಡೆದುಕೊಳ್ಳುತ್ತದೆ, ಮೈಕ್ರೋಕಂಟ್ರೋಲರ್ ನಿದ್ದೆ ಕೆಡುವುದಿಲ್ಲ. ಹಾಗೆ ತಡೆದವುಗಳನ್ನು ಎಣಿಸುವ ಕೌಂಟರ್ ಕೂಡ ಒಳಗಿದೆ. ಅದನ್ನು ಆಗಾಗ ಓದಿ, ಏರುತ್ತಿದ್ದರೆ ಸೂಕ್ಷ್ಮತೆಯನ್ನು ಒಂದೆರಡು ಮೆಟ್ಟಿಲು ಇಳಿಸುವ ನಾಲ್ಕು ಸಾಲು ಕೋಡ್ ಬರೆದರೆ ಸಾಧನ ಜಾಗಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಈ ಚಿಪ್ಪಿನಲ್ಲಿ ನಮಗೆ ತುಂಬ ಮೆಚ್ಚುಗೆಯಾದ ಗುಣ ಇದು.

ಉಳಿಸಿದ ಕರೆಂಟ್ ಬೇರೆ ಕಡೆ ಸೋರದಂತೆಯೂ ನೋಡಬೇಕು. ಸಪ್ಲೈ 2.4 ವೋಲ್ಟಿಗಿಂತ ಕೆಳಗೆ ಹೋಗಬಾರದು. ಹಳೆಯದಾದ ಅಥವಾ ತಣ್ಣಗಿರುವ ಬಟನ್ ಸೆಲ್ ಮೇಲೆ ರೇಡಿಯೊ ಒಮ್ಮೆಲೇ 15 ಮಿಲಿಆಂಪ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಹೆಚ್ಚು ಕುಸಿದರೆ ರಿಜಿಸ್ಟರುಗಳು ಡಿಫಾಲ್ಟಿಗೆ ಮರಳಿ, ನೀವು ಬರೆದ ಪ್ಯಾಟರ್ನ್ ಅಳಿಸಿಹೋಗಿ, ಸಾಧನ ಕಿವುಡಾಗುತ್ತದೆ. ಪ್ರತಿ ಸಲ ಎದ್ದಾಗಲೂ ಒಂದು ರಿಜಿಸ್ಟರ್ ಓದಿ ತಾಳೆ ನೋಡುವುದು ಒಳ್ಳೆಯದು. ಆದರೆ ಕಿವುಡಾದದ್ದು ಏಳುವುದಾದರೂ ಹೇಗೆ? ಅದಕ್ಕೆ ಚಿಪ್ಪಿನ, ನಿಗದಿತ ಹೊತ್ತಿಗೊಮ್ಮೆ ಎಬ್ಬಿಸುವ ಬಲವಂತದ ವೇಕ್ ಸೌಲಭ್ಯ ಅಥವಾ ಮೈಕ್ರೋಕಂಟ್ರೋಲರಿನದೇ ಟೈಮರ್ ಬಳಸಿ ಎರಡು ಗಂಟೆಗೊಮ್ಮೆ ಪರೀಕ್ಷಿಸಿ. ಈ ಎರಡರಲ್ಲಿ ಟೈಮರೇ ಲೇಸು, ರೀಸೆಟ್ ಆದ ಚಿಪ್ಪಿನಲ್ಲಿ ಬಲವಂತದ ವೇಕ್ ಸೆಟ್ಟಿಂಗೂ ಅಳಿಸಿರುತ್ತದೆ. ಕುಸಿತ ತಡೆಯಲು ಸೆಲ್ಲಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಹಾಕುವುದು ವಾಡಿಕೆ. ಅಲ್ಲಿ ಮಾಮೂಲಿ ಎಲೆಕ್ಟ್ರೊಲಿಟಿಕ್ ಹಾಕಿದರೆ ಎಡವಟ್ಟಾಗುತ್ತದೆ. ಅದರ ಲೀಕೇಜಿಗೆ ತಯಾರಕರು ಕೊಡುವ ಮಿತಿ ಸಾಮಾನ್ಯವಾಗಿ ಮೈಕ್ರೋಫ್ಯಾರಡ್ ಗುಣಿಸು ವೋಲ್ಟ್, ಅದರ ನೂರನೇ ಒಂದು ಪಾಲು. 100 ಮೈಕ್ರೋಫ್ಯಾರಡ್, 6.3 ವೋಲ್ಟಿನದಕ್ಕೆ 6.3 ಮೈಕ್ರೋಆಂಪ್. ಕೇಳುವ ಚಿಪ್ಪಿಗಿಂತ ಪಕ್ಕದ ಕೆಪಾಸಿಟರೇ ಹೆಚ್ಚು ಕುಡಿಯಬಹುದು! ಇಲ್ಲಿ ಸೆರಾಮಿಕ್ಕೇ ಇರಲಿ.

ಇದನ್ನೆಲ್ಲ ಅಳೆಯಲು ಕೈ ಮಲ್ಟಿಮೀಟರ್ ನಂಬಬೇಡಿ. ಎಷ್ಟೋ ಮೀಟರುಗಳು ಮೈಕ್ರೋಆಂಪ್ ರೇಂಜಿನಲ್ಲಿ 100 ಓಮ್ ರೆಸಿಸ್ಟರಿನಂತೆ ವರ್ತಿಸುತ್ತವೆ. ನಿದ್ದೆಯಲ್ಲಿ ಸರಿಯಾಗಿ ತೋರಿಸಿ, ಸಾಧನ ಎದ್ದು 15 ಮಿಲಿಆಂಪ್ ಕೇಳಿದ ಗಳಿಗೆಯಲ್ಲಿ 1.5 ವೋಲ್ಟ್ ನುಂಗಿಬಿಡುತ್ತವೆ. ಚಿಪ್ಪು ರೀಸೆಟ್ ಆಗುತ್ತದೆ, ದೋಷ ಚಿಪ್ಪಿನ ಮೇಲೆ ಬರುತ್ತದೆ. ನಾರ್ಡಿಕ್ ಕಂಪನಿಯ ಪವರ್ ಪ್ರೊಫೈಲರ್ ಕಿಟ್ 2ರಂಥ, ರೇಂಜನ್ನು ತಾನೇ ಬದಲಿಸಿಕೊಳ್ಳುವ ಸಾಧನ ಬೇಕು.

ಈಗ ದೂರದ ಆಸೆಯವರಿಗೆ. ಎಎಸ್3933 ಮತ್ತು ಅದರ ಅಣ್ಣ ಎಎಸ್3932ರ ಮುಂದೆ ಒಂದು ಆಂಟೆನಾ, ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ಬಿಡುವ ಸಾ ಫಿಲ್ಟರ್ ಮತ್ತು ಎಸ್‌ಎಂಎಸ್7630ನಂಥ ಶಾಟ್ಕಿ ಡಯೋಡಿನ ಡಿಟೆಕ್ಟರ್ ಇಟ್ಟರೆ, 868 ಮೆಗಾಹರ್ಟ್ಸ್ ಸಿಗ್ನಲ್ ಮೇಲೆ ಹೇರಿದ 125 ಕಿಲೋಹರ್ಟ್ಸ್ ಮಿಡಿತವನ್ನು ಚಿಪ್ಪು ಕೇಳಬಲ್ಲದು. ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದ ತಂಡ 2010ರ ಸುಮಾರಿಗೆ ಇದನ್ನು ಮಾಡಿ ತೋರಿಸಿತು, ಸೂಕ್ಷ್ಮತೆ ಮೈನಸ್ 52 ಡಿಬಿಎಂ ಆಸುಪಾಸು (ಡಿಬಿಎಂ ಎಂದರೆ ಸಿಗ್ನಲ್ ಶಕ್ತಿಯ ಅಳತೆ, ಮೈನಸ್ ಹೆಚ್ಚಿದಷ್ಟೂ ಕ್ಷೀಣ). 10 ಡಿಬಿಎಂ ಕಳುಹಿಸಿದರೆ ಬಯಲಿನಲ್ಲಿ ಸುಮಾರು 35 ಮೀಟರ್ ಲೆಕ್ಕ ಬರುತ್ತದೆ. ಆದರೆ ಅದೇ ಸಾಧನದ ಮುಖ್ಯ ರೇಡಿಯೊ ಮೈನಸ್ 100 ಡಿಬಿಎಂವರೆಗೂ ಕೇಳುತ್ತದೆ. 48 ಡಿಬಿ ವ್ಯತ್ಯಾಸ ಎಂದರೆ ದೂರದಲ್ಲಿ 250 ಪಟ್ಟು. ಮಾತಾಡಲು ಸಾಧ್ಯವಿರುವ ದೂರದಿಂದ ಎಬ್ಬಿಸಲು ಸಾಧ್ಯವಿಲ್ಲ, ಈ ದಾರಿಯ ದೊಡ್ಡ ಕೊರತೆ ಇದು.

ಕಳುಹಿಸಲು ಸಿಸಿ1101 ರೇಡಿಯೊ ಚಿಪ್ಪು ಸಾಕು: ಓಓಕೆ (ಕ್ಯಾರಿಯರನ್ನು ಆನ್-ಆಫ್ ಮಾಡುವ) ಮೋಡಿನಲ್ಲಿ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ ಒಂದು-ಸೊನ್ನೆ ಸಾಲು ಕಳುಹಿಸಿದರೆ ತಾನಾಗಿ 125 ಕಿಲೋಹರ್ಟ್ಸ್ ಚೌಕ ಅಲೆ. ಪವರ್ ಟೇಬಲ್ಲಿನ ಮೊದಲ ಮನೆ ಸೊನ್ನೆಗೆ, ಎರಡನೆಯದು ಒಂದಕ್ಕೆ. ಇದನ್ನು ಹೊಂದಿಸಲು ಮರೆತರೆ ಮಿಡಿತ ಸರಿಯಾಗಿ ಹೋಗುವುದಿಲ್ಲ. 10 ಮಿಲಿಸೆಕೆಂಡಿನ ಸಂದೇಶಕ್ಕೆ ಮುನ್ನೂರಕ್ಕೂ ಹೆಚ್ಚು ಬೈಟ್ ಬೇಕು, ಚಿಪ್ಪಿನ ಬಫರ್ 64 ಬೈಟ್ ಮಾತ್ರ, ಹಾಗಾಗಿ ಕಳುಹಿಸುತ್ತಿರುವಾಗಲೇ ತುಂಬುತ್ತಿರಬೇಕು. ಭಾರತದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್, ಯುರೋಪಿನ ಉದಾಹರಣೆಗಳಲ್ಲಿರುವ 868.3 ಅದರ ಹೊರಗೆ. ಜೊತೆಗೆ 125 ಕಿಲೋಹರ್ಟ್ಸ್ ಮಿಡಿತ ಎರಡೂ ಬದಿಗೆ 125 ಹರಡಿ ಒಟ್ಟು 250 ಕಿಲೋಹರ್ಟ್ಸ್ ಮೀರುತ್ತದೆ, ನಿಯಮ ಹೇಳುವ ಕ್ಯಾರಿಯರ್ ಅಗಲ 200. ಮಿಡಿತವನ್ನು 20 ಕಿಲೋಹರ್ಟ್ಸಿಗೆ ಇಳಿಸಿ, ರಿಜಿಸ್ಟರ್ 8ರಲ್ಲಿ 15ರಿಂದ 23ರ ಬ್ಯಾಂಡ್ ಆರಿಸಿ, 866 ಮೆಗಾಹರ್ಟ್ಸ್ ಮೇಲೆ ಕಳುಹಿಸಿದರೆ ಮುಖ್ಯ ಶಕ್ತಿಯೆಲ್ಲ ಆ ಅಗಲದೊಳಗೆ ಕೂರುತ್ತದೆ.

ಇಷ್ಟು ಪಾಡು ಬೇಡವೆನ್ನುವವರು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಆರ್‌ಎಫ್‌ಇಷಿಯಂಟ್ ಚಿಪ್ಪನ್ನು ನೋಡಬಹುದು. ಕೆಲವೇ ಮೈಕ್ರೋಆಂಪಿನಲ್ಲಿ ಮೈನಸ್ 80 ಡಿಬಿಎಂ ಆಸುಪಾಸು ಕೇಳುತ್ತದೆ. ಬೇಗ ಏಳಬೇಕೆಂದಷ್ಟೂ ಕರೆಂಟ್ ಏರುತ್ತದೆ ಎಂಬುದನ್ನು ಮರೆಯದೆ ಮೋಡ್ ಆರಿಸಿ. ವೈಫೈ ಸಾಧನಗಳಿಗೆಂದು 2021ರಲ್ಲಿ ಬಂದ 802.11ಬಿಎ ಮಾನಕದ ಗುರಿ 1 ಮಿಲಿವ್ಯಾಟ್ ಒಳಗೆ ಕೇಳುವುದು. ಫೋನಿನ ಬ್ಯಾಟರಿಗೆ ಅದು ಲೆಕ್ಕಕ್ಕೇ ಬಾರದು. 3 ವೋಲ್ಟಿನ ಬಟನ್ ಸೆಲ್ ಮಾತ್ರ 27 ದಿನಕ್ಕೆ ಮುಗಿಯುತ್ತದೆ. ಮೊಬೈಲ್ ನೆಟ್‌ವರ್ಕುಗಳಿಗಾಗಿ ಮಾನಕ ಬರೆಯುವ 3ಜಿಪಿಪಿ ಒಕ್ಕೂಟ ತನ್ನ ರಿಲೀಸ್ 18ರಲ್ಲಿ ಅಧ್ಯಯನ ಮಾಡಿ ರಿಲೀಸ್ 19ಕ್ಕೆ ಎತ್ತಿಕೊಂಡ ಕಡಿಮೆ ಶಕ್ತಿಯ ವೇಕ್‌ಅಪ್ ಸಿಗ್ನಲ್ ಕೂಡ ಇದೇ ದಾರಿಯದು: ಕರೆ ಬಂತೇ ಎಂದು ಮುಖ್ಯ ರೇಡಿಯೊ ಮತ್ತೆ ಮತ್ತೆ ಎದ್ದು ನೋಡುವ ಬದಲು, ಚಿಕ್ಕ ರಿಸೀವರ್ ಕಾವಲು ಕೂರುತ್ತದೆ.

ಕೊಳ್ಳುವವರು ಮೊದಲ ಸಲ 16 ಪಿನ್ನಿನ ಟಿಎಸ್‌ಎಸ್‌ಓಪಿ ಪ್ಯಾಕೇಜೇ ತರಿಸಿ, ಕೈಯಲ್ಲಿ ಬೆಸುಗೆ ಹಾಕಬಹುದು; ಕ್ಯೂಎಫ್‌ಎನ್ ಆಮೇಲಿರಲಿ. ಚಿಪ್ಪಿನ ಜೊತೆಗೇ ಕಾಯಿಲ್ ಮತ್ತು ಎನ್‌ಪಿ0 ಕೆಪಾಸಿಟರುಗಳನ್ನೂ ಅದೇ ಆರ್ಡರಿನಲ್ಲಿ ಸೇರಿಸಿ, 180, 200, 220 ಪಿಕೋಫ್ಯಾರಡ್ ಮೂರೂ ಹತ್ತತ್ತು. ಮೊದಲು ಒಂದು ಚಾನಲ್, ಕ್ರಿಸ್ಟಲ್, ಸ್ಟ್ಯಾಂಡರ್ಡ್ ಮೋಡ್, ಪ್ಯಾಟರ್ನ್ ಆಫ್. ಅದು ಎದ್ದ ಮೇಲೆ ಪ್ಯಾಟರ್ನ್ ಆನ್, ಆಮೇಲೆ ಮೂರು ಚಾನಲ್, ಕೊನೆಗೆ ಸ್ಕ್ಯಾನಿಂಗ್. ಒಂದೊಂದು ಹೆಜ್ಜೆಯಲ್ಲೂ ನೂರು ಸಲ ಕರೆದು ಎಷ್ಟು ಸಲ ಎದ್ದಿತೆಂದು ಬರೆದುಕೊಳ್ಳಿ. ಸಂಖ್ಯೆ ನೂರಕ್ಕಿಂತ ಇಳಿದ ಹೆಜ್ಜೆಯಲ್ಲೇ ನಿಂತು ಕ್ಯಾರಿಯರ್ ಉದ್ದ, ಪ್ರಿಯಾಂಬಲ್, ಶ್ರುತಿ, ಈ ಕ್ರಮದಲ್ಲಿ ಹುಡುಕಿ.